ಹಡಗು ಕಟ್ಟುವ ಭಾವನೂ ಬಚ್ಚಲ ಬಾಗಿಲೂ

ನಮ್ಮ ಭಾವ ಒಂಬತ್ತು ಹಡಗು ಕಟ್ಟಿದ್ದಾರೆ. ಸಮುದ್ರ ಮಾತ್ರ ಒಂದು ಸಲವೂ ನೋಡಿಲ್ಲ!

ಸುಳ್ಳು ಅಂದುಕೊಳ್ಳಬೇಡಿ. ಹುಣಸೂರಿನ ಪಕ್ಕದ ಹಳ್ಳಿಯಲ್ಲಿ ಕೂತುಕೊಂಡು, ಲಕ್ಷ್ಮಣತೀರ್ಥದಲ್ಲಿ ಮೊಣಕಾಲುದ್ದ ನೀರಿದ್ದರೂ ಪಂಚೆ ಎತ್ತಿ ಕಟ್ಟಿ ದಡದಲ್ಲೇ ನಿಂತುಬಿಡುವ ಈ ಮನುಷ್ಯ, ನಾನೂರು ವರ್ಷದ ಹಿಂದೆ ಪೋರ್ಚುಗೀಸರು ಮೆಣಸು ತುಂಬಿಕೊಂಡು ಹೋದ ಹಡಗಿನ ಹಿಂಬದಿಯಲ್ಲಿ ಎಷ್ಟು ಕಿಟಕಿ ಇದ್ದವು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲರು. ಹಾಗಾದರೆ ಸಮುದ್ರ ಯಾಕೆ ನೋಡಿಲ್ಲ? ಬಸ್ಸು ಹತ್ತಿದರೆ ವಾಂತಿ! ಮೈಸೂರು ಮುಟ್ಟುವಷ್ಟರಲ್ಲಿ ಎರಡು ನಿಂಬೆಹಣ್ಣು ಮೂಸಿ ಮುಗಿಸುತ್ತಾರೆ. ಇನ್ನು ಘಾಟಿ ಇಳಿಯುವ ಮಾತೆಲ್ಲಿ ಬಂತು?

"ಬಸ್ಸಲ್ಲೇ ಇಂಗಾದ್ರೆ ಹಡಗಲ್ಲಿ ಎಂಗೆ ಭಾವ?" ಎಂದು ನಾನು ಕೆಣಕಿದರೆ, "ಅದುಕ್ಕೇ ಕಣಮ್ಮ, ನಾನು ಆಚೆ ಕೂತ್ಕಂಡೇ ಕಟ್ಟೋದು" ಎನ್ನುತ್ತಿದ್ದರು.

ನನ್ನ ಅಕ್ಕನ ಗಂಡ ಅವರು. ನಾನು ಗಾವಡಗೆರೆ ಕಡೆಯ ಶಾಲೆಯೊಂದಕ್ಕೆ ಮೇಡಮ್ಮಾಗಿ ಬಂದ ತೊಂಬತ್ತರ ದಶಕದಲ್ಲಿ ಅಕ್ಕನ ಮನೆಯಲ್ಲೇ ಬಿಡಾರ ಹೂಡಿದ್ದೆ. ಹಾಗಾಗಿ ಈ ಹಡಗಿನ ಹುಚ್ಚಿಗೆ ನಾನು ಕಣ್ಣಾರೆ ಸಾಕ್ಷಿ. ಭಾವ ಹುಣಸೂರಿನ ಒಂದು ಸಾಮಿಲ್ಲಿನಲ್ಲಿ ರೈಟರು. ದಿಮ್ಮಿಗಳ ಉದ್ದ, ಸುತ್ತಳತೆ ಬರೆದುಕೊಳ್ಳುವುದು ಅವರ ಕೆಲಸ. ಕೊಡಗಿನ ಯಾವುದೋ ತೋಟದ ಬಂಗಲೆಯ ಹಳೇ ಬೀರು ಒಂದು ಸಲ ಆ ಮಿಲ್ಲಿಗೆ ಬಂತಂತೆ. ಅದರ ಖಾನೆಯೊಳಗೆ ಇಂಗ್ಲಿಷಿನ ಒಂದು ದಪ್ಪ ಪುಸ್ತಕ. ಮಡಿಸಿಟ್ಟ ಹಾಳೆ ಬಿಚ್ಚಿದರೆ ಹಾಯಿ ಹಡಗುಗಳ ನಕ್ಷೆ, ಪಕ್ಕೆಲುಬು ಸಮೇತ! ಮಾಲೀಕರು "ತಗಂಡೋಗಯ್ಯ" ಅಂದರು. ಭಾವ ತಗಂಡು ಬಂದರು. ಅಕ್ಕನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಹಡಗು ಅಂದರೆ ಜಾತ್ರೆಯಲ್ಲಿ ಸಿಗುವ ಆಟದ ಸಾಮಾನಲ್ಲ ಮತ್ತೆ. ನಕ್ಷೆಯಲ್ಲಿ ಎಂಟು ಅಡಿ ಎಂದಿದ್ದರೆ ಇಲ್ಲಿ ಒಂದು ಅಂಗುಲ. ಕೂದಲೆಳೆಯಷ್ಟು ಹೆಚ್ಚಾದರೂ ಕಿತ್ತು ಹಾಕುತ್ತಿದ್ದರು. ಬಿದಿರಿನ ಸಿಬಿರೇ ಮೊಳೆ. ಹಳೇ ಪಂಚೆಯನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದರೆ ಹಾಯಿ. ಖಾಲಿಯಾದ ಬಾಲ್‌ಪೆನ್ ರೀಫಿಲ್ಲಿನ ಹಿತ್ತಾಳೆ ತುದಿಗಳೇ ಫಿರಂಗಿ. ನಮ್ಮ ಶಾಲೆಯ ಮೇಷ್ಟ್ರುಗಳೆಲ್ಲ ರೀಫಿಲ್ಲು ಮುಗಿದ ಕೂಡಲೇ "ನಿಮ್ಮ ಭಾವನ ಯುದ್ಧಕ್ಕೆ ತಗೊಳ್ಳಿ ಮೇಡಂ" ಎಂದು ನನ್ನ ಕೈಗೆ ಕೊಡುತ್ತಿದ್ದರು.

ಇನ್ನು ಹಡಗಿನ ಹೊಟ್ಟೆಗೆ ಬಾಗಿದ ಪಟ್ಟಿ ಬೇಕಲ್ಲ? ಒಣ ಮರ ಬಾಗಿಸಿದರೆ ಪಟ್ ಎಂದು ಮುರಿಯುತ್ತದೆ. ಹಬೆಯಲ್ಲಿ ಬೇಯಿಸಿದರೆ ಬಳುಕುತ್ತದೆ ಎಂದು ಪುಸ್ತಕದಲ್ಲಿತ್ತು. ಓದಿ ಹೇಳಿದ ಪಾಪಿ ನಾನೇ! ಮಾರನೆಯ ದಿನ ಅಕ್ಕ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುತ್ತಾಳೆ, ಕೆಳಗಿನ ತಟ್ಟೆಯಲ್ಲಿ ಇಡ್ಲಿ, ಮೇಲಿನ ತಟ್ಟೆಯಲ್ಲಿ ಸಿಲ್ವರ್ ಓಕ್ ಪಟ್ಟಿ!

"ಏನ್ರೀ ಇದು?"

"ಇನ್ನೂ ಬೆಂದಿಲ್ಲ, ಮುಚ್ಚು ಮುಚ್ಚು!"

ಅವತ್ತಿನ ಇಡ್ಲಿಗೆ ರಂದದ ಪುಡಿಯ ವಾಸನೆ ಇತ್ತು. ನಾವು ಮೂಗು ಮುಚ್ಚಿಕೊಂಡು ತಿಂದೆವು. ಭಾವ ಮಾತ್ರ ಎರಡು ಹೆಚ್ಚಿಗೆ ಹಾಕಿಸಿಕೊಂಡರು.

ಊರಿನವರದು ಒಂದೇ ಪ್ರಶ್ನೆ: "ತೇಲ್ತದಾ?" ಭಾವನಿಗೆ ಈ ಮಾತು ಕೇಳಿದರೆ ಮೈಯೆಲ್ಲ ಉರಿ. ಇದು ತೇಲುವುದಕ್ಕಲ್ಲ, ನೋಡುವುದಕ್ಕೆ ಎಂದು ಎಷ್ಟು ಜನಕ್ಕೆ ಹೇಳಲಿ? ಒಂದು ದಿನ ಎದುರುಮನೆಯ ಗೌಡರು ಬಂದು, "ಅಲ್ಲ ಕಣಯ್ಯ, ತೇಲ್ದೇ ಇರೋ ಹಡಗು ಯಾತಕ್ಕಯ್ಯ?" ಎಂದರು. ಭಾವ ತಲೆ ಎತ್ತದೆ, "ನಿಮ್ಮನೆ ಕ್ಯಾಲೆಂಡರಲ್ಲಿ ಹಸ ಅದಲ್ಲಾ, ದಿನಕ್ಕೆಷ್ಟು ಲೀಟರ್ ಕರೀತದೆ?" ಅಂದರು. ಗೌಡರು ಆಮೇಲೆ ಒಂದು ತಿಂಗಳು ನಮ್ಮ ಮನೆ ಕಡೆ ತಲೆ ಹಾಕಲಿಲ್ಲ.

ಇಷ್ಟೆಲ್ಲ ಕೈಚಳಕದ ಮನುಷ್ಯ! ಆದರೆ ಅವರ ಮನೆಯ ಬಚ್ಚಲಿಗೆ ಬಾಗಿಲಿರಲಿಲ್ಲ.

ಹೌದು. ಹಡಗಿನ ಹಿಂಬದಿಯ ಹದಿನಾಲ್ಕು ಕಿಟಕಿಗೂ ಬಾಗಿಲಿತ್ತು, ತೆಗೆಯಬಹುದಿತ್ತು, ಮುಚ್ಚಬಹುದಿತ್ತು. ಬಚ್ಚಲಿಗೆ ಮಾತ್ರ ಒಂದು ಗೋಣಿತಾಟು. ಮನೆ ಕಟ್ಟಿಸುವಾಗ "ಅದೊಂದು ನಾನೇ ಮಾಡ್ಕತೀನಿ" ಎಂದು ಬಡಗಿಯನ್ನು ವಾಪಸ್ಸು ಕಳಿಸಿದ್ದರಂತೆ. ಆಮೇಲೆ ಬಾಗಿಲಿಗೆಂದು ತಂದ ಪ್ರತಿ ತೇಗದ ಹಲಗೆಯೂ ಒಂದೊಂದು ಹಡಗಾಗಿ ಅಟ್ಟದ ಮೇಲೆ ಹತ್ತಿ ಕೂತಿತು.

ಹೀಗಾಗಿ ಆ ಮನೆಯಲ್ಲಿ ಒಂದು ಕಾನೂನು ಹುಟ್ಟಿಕೊಂಡಿತ್ತು. ಬಚ್ಚಲಲ್ಲಿ ಇರುವವರು ಬಾಯಿ ಮುಚ್ಚುವ ಹಾಗಿಲ್ಲ! ಸದ್ದು ಕೇಳಿದರೆ ಒಳಗೆ ಜನ ಇದ್ದಾರೆ, ಇಲ್ಲದಿದ್ದರೆ ಖಾಲಿ. ನಾನು ಮಗ್ಗಿ ಹೇಳುತ್ತಿದ್ದೆ. ಹತ್ತೊಂಬತ್ತರ ಮಗ್ಗಿ ನನಗೆ ಬಾಯಿಪಾಠವಾದದ್ದು ಟ್ರೈನಿಂಗಿನಲ್ಲಲ್ಲ, ಆ ಬಚ್ಚಲಿನಲ್ಲಿ. ಭಾವನಿಗೆ ಹಾಡು ಬಾರದು, ಮಗ್ಗಿಯೂ ಬೇಜಾರು. "ಮತ್ತಿ, ಉದ್ದ ಹನ್ನೆರಡಡಿ, ಸುತ್ತಳತೆ ನಾಕಡಿ ಮೂರಂಗುಲ!" ಎಂದು ಮಿಲ್ಲಿನ ಲೆಕ್ಕವನ್ನೇ ಕೂಗಿಕೊಂಡು ಮೀಯುತ್ತಿದ್ದರು.

ಅಕ್ಕ ಹಾಡುತ್ತಿದ್ದಳು. ಅವಳದು ಬಹಳ ಚೆಂದದ ಕಂಠ. ಆದರೆ ನಾಚಿಕೆ ಅಂದರೆ ಮಹಾ ನಾಚಿಕೆ. ಮದುವೆಮನೆಯಲ್ಲಿ ಹೆಂಗಸರು ಸೋಬಾನೆ ಹೇಳು ಎಂದು ಜಗ್ಗಾಡಿದರೆ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡುವವಳು. ಅವಳು ಬಾಯಿಬಿಟ್ಟು ಹಾಡುತ್ತಿದ್ದದ್ದು ಇಡೀ ಲೋಕದಲ್ಲಿ ಆ ಗೋಣಿತಾಟಿನ ಹಿಂದೆ ಒಂದೇ ಕಡೆ, ಅದೂ ಕಾನೂನಿಗೆ ಹೆದರಿ.

ಬಚ್ಚಲ ಪಕ್ಕದ ಹಿತ್ತಿಲ ಜಗಲಿಯೇ ಭಾವನ ಹಡಗುಕಟ್ಟೆ. ನಾನೊಂದು ಗಮನಿಸಿದ್ದೆ. ಅಕ್ಕ ಸ್ನಾನಕ್ಕೆ ಹೋದದ್ದೇ ತಡ, ಇವರು ಮರಕ್ಕೆ ಉಜ್ಜುವ ಉಪ್ಪುಕಾಗದದ ಸದ್ದು ನಿಂತುಹೋಗುತ್ತಿತ್ತು. ಹೆಂಡತಿ ಕಣ್ಮರೆಯಾದರೆ ಸಾಕು ಮೈಗಳ್ಳತನ ಎಂದು ನಾನು ರೇಗಿಸಿದರೆ, "ಮರಕ್ಕೂ ಒಸಿ ಉಸ್ರಾಡಕ್ಕೆ ಬುಡಬೇಕು ಕಣಮ್ಮ" ಎನ್ನುತ್ತಿದ್ದರು.

ಹೋಗಲಿ, ಅಕ್ಕ ಬಾಗಿಲು ಕೇಳಲಿಲ್ಲವೇ? ಕೇಳಿದಳು. ಬೈದಳು. ಕೊನೆಗೆ ಲಂಚವನ್ನೂ ಕೊಟ್ಟಳು! ಹಡಗಿನ ಹಾಯಿಕಂಬಕ್ಕೆ ಹತ್ತಲು ಹಗ್ಗದ ಏಣಿಗಳಿರುತ್ತವೆ. ಒಂದೊಂದು ಏಣಿಗೆ ನೂರಾರು ಗಂಟು, ಒಂದೊಂದೂ ಸಾಸಿವೆ ಕಾಳಿನಷ್ಟು. ಗುರುಪುರದ ಟಿಬೆಟಿನವರ ಹತ್ತಿರ ಕಾರ್ಪೆಟ್ಟು ನೇಯ್ದು ಉಳಿದ ಸಣ್ಣ ನೂಲು ತಂದಿದ್ದರು ಭಾವ. ಆದರೆ ದಿಮ್ಮಿ ಉರುಳಿಸಿದ ದಪ್ಪ ಬೆರಳಿಗೆ ಅದು ಬಗ್ಗಬೇಕಲ್ಲ! ನಮ್ಮ ಅಕ್ಕನೋ, ಹೊಗೆಸೊಪ್ಪಿನ ಕಾಲದಲ್ಲಿ ಎಲೆಗಳನ್ನು ಕಡ್ಡಿಗೆ ಕಟ್ಟಲು ಕೂತರೆ ಊರಿಗೇ ಮೊದಲು. ದಾರ ಸುತ್ತಿದ್ದು ಕಾಣುವಷ್ಟರಲ್ಲಿ ಗಂಟು ಬಿದ್ದಿರುತ್ತಿತ್ತು.

"ಬುಡಿ ಇತ್ತಾಗೆ, ನಾನು ಕಟ್ಟಿಕೊಡ್ತೀನಿ. ಇದಾದ್ಮೇಲೆ ಬಾಗ್ಲು ಮಾಡ್ಬೇಕು. ಆಯ್ತಾ?"

"ಆಯ್ತು ಕಣೆ. ಇದಾದ್ಮೇಲೆ ಬಾಗ್ಲೇ."

ಅಕ್ಕ ಚಳಿಗಾಲ ಪೂರ್ತಿ ಕೂತು ಕಟ್ಟಿದಳು. ಹಡಗು ಮುಗಿಯಿತು. ತೇಗದ ಹಲಗೆಯೂ ಬಂತು. ಒಂದು ವಾರಕ್ಕೆ ನೋಡಿದರೆ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಡಚ್ಚರ ಹಡಗು! ಹೀಗೆ ಮೂರು ಹಡಗಿಗೆ ಏಣಿ ಕಟ್ಟಿಕೊಟ್ಟಳು ಪುಣ್ಯಾತ್ಗಿತ್ತಿ. ಮೂರು ಸಲವೂ ಮೋಸ.

ಕೊನೆಗೆ ಗ್ರಹಚಾರ ಬಿಡಿಸಿದವರು ಕೆ.ಆರ್.ನಗರದ ಒಬ್ಬ ರಿಟೈರ್ಡ್ ಹೆಡ್‌ಮಾಸ್ಟರು. ಹಡಗಿನ ಸುದ್ದಿ ಕೇಳಿ ನೋಡಲೆಂದೇ ಬಂದಿದ್ದರು. ಅಷ್ಟು ದೂರದಿಂದ ಹಡಗು ನೋಡಲು ಬಂದ ಮೊದಲ ಮನುಷ್ಯ! ಭಾವನಿಗೆ ನೆಲವೇ ಕಾಣಲಿಲ್ಲ. ಒಂಬತ್ತನೆಯ ಹಡಗನ್ನು ಜಗಲಿಯ ಮೇಲಿಟ್ಟು ಪೋರ್ಚುಗೀಸರ ಕಾಲದಿಂದ ಕಥೆ ಶುರುಮಾಡಿದರು. ಭಾವನದು ಇನ್ನೊಂದು ಕಟ್ಟುನಿಟ್ಟು ಇತ್ತು: ಸೋಪು ಹಾಕಿ ಕೈ ತೊಳೆಯದೆ ಯಾರೂ ಹಡಗು ಮುಟ್ಟುವಂತಿಲ್ಲ. ಹೆಡ್‌ಮಾಸ್ಟರು ಬೆರಳು ಚಾಚಿದರು. ಭಾವ ತಡೆದು, ಬಚ್ಚಲ ಕಡೆ ಕೈ ತೋರಿಸಿ, "ಅಲ್ಲಿ ಕೈ ತೊಳ್ಕೊಂಡು ಬಂದ್ಬುಡಿ ಸಾರ್" ಎಂದರು.

ಅಕ್ಕ ಒಳಗಿದ್ದಳು. ಹಾಡುತ್ತಲೇ ಇದ್ದಳು! ಆದರೆ ಹೆಡ್‌ಮಾಸ್ಟರು ಬಸ್ಸಿನ ಗಲಾಟೆಗೆ ಕಿವಿಯ ಮಿಷನ್ನು ತೆಗೆದು ಜೇಬಿಗೆ ಹಾಕಿಕೊಂಡಿದ್ದರು; ಎದುರಿಗೆ ಕೂತು ಗಟ್ಟಿಯಾಗಿ ಆಡಿದ ಮಾತು ಬಿಟ್ಟರೆ ಬೇರೇನೂ ಅವರಿಗೆ ಕೇಳುತ್ತಿರಲಿಲ್ಲ. ನೆಟ್ಟಗೆ ಹೋಗಿ ಗೋಣಿತಾಟು ಸರಿಸಿದರು.

ದೇವರು ದೊಡ್ಡವನು. ಅಕ್ಕ ಇನ್ನೂ ಉಟ್ಟ ಸೀರೆಯಲ್ಲೇ ಕೂತು ಕಾಲು ತೊಳೆಯುತ್ತಿದ್ದಳು. ಆದರೂ ಗಾಬರಿಗೆ ಒಂದು ಚೊಂಬು ಬಿಸಿನೀರನ್ನು ಬೀಸಿ ಎರಚಿದಳು ನೋಡಿ! ಹೆಡ್‌ಮಾಸ್ಟರು ತಲೆಯಿಂದ ಕಾಲಿನವರೆಗೆ ತೊಯ್ದು, ಕನ್ನಡಕ ಒರೆಸಿಕೊಳ್ಳುತ್ತಾ ವಾಪಸ್ಸು ಬಂದು, "ಕೈ ತೊಳೆದರೆ ಸಾಕು ಅಂದಿದ್ರಲ್ಲ ಸ್ವಾಮಿ!" ಎಂದರು.

ನಾನು ನಕ್ಕು ನಕ್ಕು ಕಂಬ ಹಿಡಿದುಕೊಂಡೆ. ಆಮೇಲೆ ಅಕ್ಕನ ಮುಖ ನೋಡಿದೆ. ನಗು ನಿಂತುಹೋಯಿತು. ಮಾರನೆಯ ಬೆಳಿಗ್ಗೆ ಅವಳು ಬ್ಯಾಗು ಹಿಡಿದು ಪಿರಿಯಾಪಟ್ಟಣದ ಪಕ್ಕದ ನಮ್ಮ ತವರಿಗೆ ಹೊರಟಳು. "ಬಾಗ್ಲು ನಿಂತ ದಿನ ಯೋಳಿ ಕಳ್ಸಿ, ಬತ್ತೀನಿ" ಎಂದಷ್ಟೇ ಹೇಳಿದಳು.

ಭಾವ ಬಾಗಿಲು ಮಾಡಲು ಕೂತರು. ಕೂತರು ಅಂದರೆ ಏನು ಮಾಡಿದರು ಹೇಳಿ ನೋಡೋಣ? ಮೊದಲು ನಕ್ಷೆ ಬರೆದರು! ಆಮೇಲೆ ಒಂದು ಅಡಿಗೆ ಒಂದು ಅಂಗುಲದ ಲೆಕ್ಕದಲ್ಲಿ ಒಂದು ಪುಟ್ಟ ಬಾಗಿಲು ಮಾಡಿದರು. ಚೌಕಟ್ಟು, ಕೀಲು, ಒಳಗಡೆ ಚಿಲಕ, ಎಲ್ಲ ಇದ್ದ ಆರಂಗುಲದ ಬಾಗಿಲು. ಮೇಲುಗಡೆ ಹಡಗಿಗಿರುವಂತೆ ದುಂಡನೆಯ ಒಂದು ಕಿಂಡಿ.

"ಇದುನ್ನ ನಿಮ್ಮಕ್ಕಂಗೆ ತೋರ್ಸ್ಕಂಡು ಬಾಮ್ಮ. ಒಪ್ಪುದ್ರೆ ದೊಡ್ಡದು ಮಾಡ್ತೀನಿ."

ಶನಿವಾರ ಶಾಲೆ ಮುಗಿಸಿ, ಟಿಫನ್ ಬಾಕ್ಸಿನಲ್ಲಿ ಬಾಗಿಲು ಹಾಕಿಕೊಂಡು ಪಿರಿಯಾಪಟ್ಟಣದ ಬಸ್ಸು ಹತ್ತಿದ ಮೇಡಮ್ಮು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ನಮ್ಮವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇಲಿ ಮೀಯಕ್ಕೇನೆ?" ಎಂದಳು. ಅಕ್ಕ ನಗಬಾರದೆಂದು ತುಟಿ ಕಚ್ಚಿಕೊಂಡಳು. ಚಿಲಕ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಕಿಂಡಿಗೆ ಬೆರಳು ಇಟ್ಟು, "ಬಚ್ಚಲ ಬಾಗ್ಲಿಗೆ ಇದ್ಯಾತಕ್ಕೆ?" ಎಂದಳು. ಆಮೇಲೆ ಇದ್ದಕ್ಕಿದ್ದಂತೆ ಅವಳ ಕಣ್ಣು ತುಂಬಿತು.

"ಬಾಗ್ಲಿಲ್ಲ ಅಂತ ನಾನು ಬಂದಿಲ್ಲ ಕಣಮ್ಮಿ. ಇಷ್ಟು ವರ್ಸ ಇರ್ಲಿಲ್ವಾ? ಅವತ್ತು ಅಷ್ಟು ಗಟ್ಟಿಯಾಗಿ ಹಾಡ್ತಿದ್ದೆ. ಆ ಹೆಡ್‌ಮಾಸ್ಟ್ರಿಗೆ ಕಿವಿ ಕೇಳಲ್ಲ, ಸರಿ. ಎರಡು ಮಾರು ದೂರದಲ್ಲಿ ಕೂತಿದ್ದ ಇವ್ರಿಗೇನಾಗಿತ್ತು? ನಾನು ಒಳಗಿದೀನಿ ಅಂತ್ಲೂ ಗೊತ್ತಾಗ್ಲಿಲ್ವಲ್ಲ ಇವ್ರಿಗೆ."

ನಾನು ವಾಪಸ್ಸು ಬಂದು ಭಾವನಿಗೆ ಅಷ್ಟನ್ನೂ ಒಂದಕ್ಷರ ಬಿಡದೆ ಒಪ್ಪಿಸಿದೆ. ಭಾವ ತಲೆ ತಗ್ಗಿಸಿಕೊಂಡರು. "ಕಿಂಡಿ ಯಾಕೆ ಅಂತ ಕೇಳುದ್ಲಾ? ಹಬೆ ಹೋಗಕ್ಕೆ ಅಂದ್ಬುಡು" ಎಂದಷ್ಟೇ ಹೇಳಿ ಎದ್ದು ಹೋದರು. ಹತ್ತನೆಯ ಹಡಗಿನ ಬೆನ್ನೆಲುಬಿಗೆಂದು ತೆಗೆದಿಟ್ಟಿದ್ದ ಹಲಗೆಗೆ ಅವತ್ತೇ ರಂದ ಹಾಕಿದರು.

ಹದಿನೈದು ದಿನಕ್ಕೆ ಬಾಗಿಲು ನಿಂತಿತು. ಅದೇನು ಬಾಗಿಲು ಅಂತೀರಿ! ಹಲಗೆಗೆ ಹಲಗೆ ಕೂಡಿದ ಜಾಗದಲ್ಲಿ ಕೂದಲು ತೂರುವಂತಿರಲಿಲ್ಲ. ಮನೆಯ ಹೆಬ್ಬಾಗಿಲು ಅದರ ಮುಂದೆ ಕೊಟ್ಟಿಗೆಯ ಬಾಗಿಲಾಗಿ ಕಾಣುತ್ತಿತ್ತು. ಅಕ್ಕನಿಗೆ ಹೇಳಿ ಬರುತ್ತೇನೆ ಎಂದು ನಾನು ಹೊರಟರೆ ಭಾವ, "ನೀನು ಬ್ಯಾಡ, ನಾನೇ ಹೋಯ್ತೀನಿ" ಎಂದರು. ಬಸ್ಸಿನಲ್ಲಿ! ನಾಲ್ಕು ನಿಂಬೆಹಣ್ಣು ತೆಗೆದುಕೊಂಡು ಹೋದವರು ಸಾಯಂಕಾಲ ಅಕ್ಕನ ಜೊತೆ ಇಳಿದಾಗ ಮುಖ ಸುಣ್ಣದ ಗೋಡೆಯಾಗಿತ್ತು. ಬ್ಯಾಗು ಅಕ್ಕನ ಕೈಲಿತ್ತು, ಭಾವನ ರಟ್ಟೆಯೂ ಅವಳ ಕೈಲೇ ಇತ್ತು.

ಮಾರನೆಯ ಬೆಳಿಗ್ಗೆ ಅಕ್ಕ ಹಂಡೆಗೆ ಉರಿ ಹಾಕಿ, ನೀರು ಕಾದ ಮೇಲೆ ಒಳಗೆ ಹೋದಳು. ಬಾಗಿಲು ಮುಚ್ಚಿತು. ಚಿಲಕ ಬಿತ್ತು. ಭಾವ ಜಗಲಿಯ ಮೇಲೆ ಒಂದು ತುಂಡು ಮರ ಉಜ್ಜುತ್ತಾ ಕೂತಿದ್ದರು.

ಒಳಗಿನಿಂದ ನೀರಿನ ಸದ್ದು. ಅಷ್ಟೇ. ಹಾಡಿಲ್ಲ. ಈಗ ಯಾಕೆ ಹಾಡಬೇಕು? ಚಿಲಕ ಇದೆಯಲ್ಲ!

ಭಾವನ ಕೈ ನಿಧಾನವಾಗಿ ನಿಂತಿತು. ನಾನು ಹಳೇ ಚಾಳಿಯಂತೆ, "ಏನು ಭಾವ, ಮರ ಉಸ್ರಾಡ್ತಾ ಇದೆಯಾ?" ಎಂದೆ.

ಅವರು ನಗಲಿಲ್ಲ. "ಅವ್ಳು ಹಾಡೋದು ಅಲ್ಲೊಂದೇ ಕಡೆ ಕಣಮ್ಮ" ಎಂದರು. "ಬಾಗ್ಲು ಹಾಕುದ್ರೆ ಹಾಡು ನಿಂತೋಯ್ತದೆ ಅಂತ ಗೊತ್ತಿತ್ತು. ಅದುಕ್ಕೇ ಇವತ್ತು ನಾಳೆ ಅಂತ ತಳ್ತಾ ಬಂದೆ. ಇಷ್ಟು ವರ್ಸದಲ್ಲಿ ಒಂದು ದಿನ ಕೇಳಿಸ್ಕಳ್ದೆ ಇದ್ದೋನು ನಾನು. ಅದೊಂದೇ ದಿನ. ಆ ಹಾಳು ಹಡಗು ತೋರ್ಸೋ ಭರದಲ್ಲಿ." ಬಾಗಿಲ ಮೇಲಿನ ದುಂಡು ಕಿಂಡಿಯ ಕಡೆ ನೋಡಿದರು. "ಹಬೆ ಹೋಗಕ್ಕೆ ಗೋಡೇಲೇ ಗವಾಕ್ಷಿ ಅದೆ, ಕಿಂಡಿ ಬೇಕಿರ್ಲಿಲ್ಲ. ಮರೆತು ಹಾಡುದ್ರೆ ಒಸಿ ಆಚೆ ಬರ್ಲಿ ಅಂತ ಇಟ್ಟೆ."

ಇಷ್ಟು ವರ್ಷ ಈ ಮನುಷ್ಯನನ್ನು ಮೈಗಳ್ಳ ಎಂದು ಆಡಿಕೊಂಡಿದ್ದೆನಲ್ಲ!

ಕಿಂಡಿಯಿಂದ ಹಾಡು ಆಚೆ ಬರುವುದಾದರೆ ಮಾತು ಒಳಗೆ ಹೋಗದೆ ಇರುತ್ತದೆಯೇ? ಬಚ್ಚಲಲ್ಲಿ ನೀರಿನ ಸದ್ದು ನಿಂತಿತ್ತು. ಆಮೇಲೆ ಸೋಬಾನೆ ಪದ ಒಂದು ಸಣ್ಣಗೆ ಶುರುವಾಯಿತು. ಒಂದು ಸಾಲು ಆಯಿತು, ಎರಡು ಸಾಲು ಆಯಿತು, ಅಲ್ಲಿಗೆ ತಡೆಯಿತು.

"ಕೇಳುಸ್ತಾ ಇದೆಯೇನ್ರೀ?" ಎಂದಳು ಅಕ್ಕ ಒಳಗಿನಿಂದ.

ಭಾವ ಉಪ್ಪುಕಾಗದ ಕೆಳಗಿಟ್ಟು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು.

"ಕೇಳುಸ್ತದೆ ಕಣೆ," ಎಂದರು. "ಹಾಡು."