ಮುಚ್ಚಿದ ಜೇಬಿನ ಸಾಕ್ಷಿ

ತೊಂದರೆ ಹುಟ್ಟಿದ್ದು ಒಂದು ಜೇಬಿನಿಂದ. ಬೇಕರಿಯವನ ಹೊಸ ಅಂಗಿಗೆ ದರ್ಜಿ ಜೇಬೇನೋ ಇಟ್ಟಿದ್ದ. ಆದರೆ ಮೂರು ಬದಿ ಹೊಲಿದು ನಿಲ್ಲಬೇಕಾದ ಸೂಜಿ ನಾಲ್ಕನೆಯ ಬದಿಗೂ ಓಡಿ ಜೇಬಿನ ಬಾಯಿ ಮುಚ್ಚಿಬಿಟ್ಟಿತ್ತು.

ತಪ್ಪು ಸೂಜಿಯದಲ್ಲ, ದರ್ಜಿಯ ಬಲಗಾಲಿನದು. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗೆ ಹೋದಾಗ ಅವನು ಕುಡುಗೋಲಿನ ಹಾಗೆ ಬಾಗಿದ್ದ. ಹೊರಬಂದಾಗ ದೀಪದ ಕಂಬದ ಹಾಗೆ ನೆಟ್ಟಗಾಗಿದ್ದ. ಆದರೆ ಬೆನ್ನು ನೆಟ್ಟಗೆ ಮಾಡುವ ಭರದಲ್ಲಿ ಒಂದು ನರಕ್ಕೆ ಏಟು ಬಿದ್ದು, ಬಲಪಾದ ಮರಗಟ್ಟಿಹೋಗಿತ್ತು. ಹೊಲಿಗೆ ಯಂತ್ರದ ಪೆಡಲನ್ನು ತುಳಿಯಲು ಬರುತ್ತಿತ್ತು. ಆದರೆ ಕಾಲು ನಿಂತಿತೋ ಇನ್ನೂ ತುಳಿಯುತ್ತಿದೆಯೋ ತಿಳಿಯುತ್ತಿರಲಿಲ್ಲ. ಕುದುರೆಯೇರಿ ಕೂತ ಮೇಲೆ ಲಗಾಮು ಕಳೆದುಕೊಂಡವನ ಪಾಡು ಅದು.

ಹಾಗಾಗಿ ಪರಿಹಾರ ಕೇಳಿ ದಾವೆ ಹೂಡಿದ್ದ. ಗೆದ್ದರೆ ಬೆರಳಿನಿಂದ ಗುಂಡಿ ಒತ್ತಿ ಓಡಿಸುವ, ಗುಂಡಿ ಒತ್ತಿ ನಿಲ್ಲಿಸುವ ಮೋಟಾರು ಯಂತ್ರ ಕೊಳ್ಳಬಹುದು. ಸೋತರೆ ಅಂಗಡಿಗೆ ಬೀಗ. ಏಟಾದದ್ದನ್ನು ಆಸ್ಪತ್ರೆಯವರು ಅಲ್ಲಗಳೆಯಲಿಲ್ಲ. ಅದರಿಂದ ಕಸುಬಿಗೆ ಕುಂದೇನೂ ಬಂದಿಲ್ಲ ಎನ್ನುವುದು ಅವರ ವಾದ.

"ಕೆಟ್ಟ ಹೊಲಿಗೆಯ ಬಟ್ಟೆ ಒಂದೆರಡು ತನ್ನಿ, ತೋರಿಸೋಣ," ಎಂದಿದ್ದರು ಅವನ ವಕೀಲಮ್ಮ.

"ಒಂದೆರಡು ಎಲ್ಲಿಂದ ತರಲಮ್ಮ? ನನ್ನ ಕೈಯಲ್ಲಿ ಕೆಟ್ಟಿದ್ದು ಆ ಜೇಬೊಂದೇ," ಎಂದಿದ್ದ ದರ್ಜಿ.

ಪಕ್ಕದಲ್ಲೇ ಇದ್ದ ಅವನ ಭಾವಮೈದುನ ಚಪ್ಪಲಿ ಮೆಟ್ಟಿಕೊಂಡು ಹೊರಟ. ಅವನು ಹೀಗೆ ಎದ್ದು ಹೊರಟನೆಂದರೆ ಏನಾದರೂ ಮಾಡಲಿದ್ದಾನೆಂದೇ ಅರ್ಥ.

ವಿಚಾರಣೆಯ ದಿನ ಬೆಳಿಗ್ಗೆ ದರ್ಜಿ ಬಾಗಿಲು ತೆರೆದರೆ ಹೊರಗೆ ಬೀದಿಗೆ ಬೀದಿಯೇ ಬಟ್ಟೆಯ ಗಂಟು ಹಿಡಿದು ನಿಂತಿತ್ತು.

"ಏನ್ರೀ ಇದೆಲ್ಲ?"

"ಸಾಕ್ಷಿ," ಎಂದರು ಎದುರುಮನೆಯ ಮೇಷ್ಟರು. "ಈ ಪ್ಯಾಂಟು ನೋಡಪ್ಪ. ಒಂದು ಕಾಲು ಗಿಡ್ಡ, ಒಂದು ಕಾಲು ಉದ್ದ."

"ಮತ್ತೆ ಇಷ್ಟು ದಿನ ಹೇಳಲೇ ಇಲ್ವಲ್ಲ ಮೇಷ್ಟ್ರೇ?"

"ಹೇಗೆ ಹೇಳೋದು? ಆಸ್ಪತ್ರೆಯಿಂದ ಬಂದು ನೀನು ಮೊದಲು ಹೊಲಿದಿದ್ದೇ ಇದು. ಗಿಡ್ಡ ಕಾಲು ಫುಟ್‌ಪಾತಿನ ಮೇಲೆ, ಉದ್ದ ಕಾಲು ರಸ್ತೆಯಲ್ಲಿ ಇಟ್ಕೊಂಡು ಹೇಗೋ ಓಡಾಡ್ತಿದ್ದೆ."

"ನಿಮ್ಮದೇನು ದೊಡ್ಡದು ಬಿಡಿ," ಎಂದಳು ಬಸ್ಸಿನ ಕಂಡಕ್ಟರಮ್ಮ. "ನನ್ನ ಸಮವಸ್ತ್ರದ ತೋಳು ಪಕ್ಕೆಗೆ ಸೇರಿಹೋಗಿದೆ. ನಮಸ್ಕಾರಕ್ಕೂ ಕೈ ಎತ್ತೋಕಾಗಲ್ಲ. ಇವಳು ಯಾಕೋ ಈಚೆಗೆ ಬಿಗುಮಾನ ಕಲಿತಳು ಅಂತ ಜನ ಆಡ್ಕೊಂಡ್ರು."

ದರ್ಜಿಯ ಮುಖ ಮೊದಲ ಸಲ ನೀರು ಕಂಡ ಹತ್ತಿಬಟ್ಟೆಯಂತೆ ಕುಗ್ಗಿತು. ಬೈಗುಳವನ್ನಾದರೂ ಸಹಿಸಬಹುದು, ಇಡೀ ಬೀದಿ ತನ್ನ ಮನಸ್ಸು ನೋಯದಿರಲೆಂದು ಕುಂಟುತ್ತ ಕುಗ್ಗುತ್ತ ಓಡಾಡಿದೆಯೆಂಬುದನ್ನು ಹೇಗೆ ಸಹಿಸುವುದು?

"ಮಾನ ಹೋದ್ರೆ ಹೋಗ್ಲಿ ರೀ, ಅಂಗಡಿ ಉಳಿಯುತ್ತೆ," ಎಂದು ಹೆಂಡತಿ ಬೆನ್ನು ಸವರಿ ಕಳಿಸಿದಳು.

ಭಾವಮೈದುನ ಎಲ್ಲಿಂದಲೋ ಊರುಗೋಲು ತಂದಿದ್ದ. "ಭಾವ, ಇದನ್ನ ಊರಿಕೊಂಡು ಸ್ವಲ್ಪ ಬಗ್ಗಿ ನಡೀರಿ. ನೀವು ದೊರೆ ಹಾಗೆ ನಿಂತ್ರೆ ಪರಿಹಾರ ಯಾರು ಕೊಡ್ತಾರೆ?"

"ಕಂಬದ ಹಾಗೆ ನೆಟ್ಟಗೆ ಮಾಡಿ ಕಳಿಸಿದ್ದಾರಲ್ಲ, ಇನ್ನು ಬಗ್ಗೋದು ಎಲ್ಲಿಂದ ಮಾರಾಯ?"

ಬಸ್ಸು ಇಳಿದು ನ್ಯಾಯಾಲಯದ ಮೆಟ್ಟಿಲು ಹತ್ತುವಾಗ ವಕೀಲಮ್ಮ ಕೇಳಿದರು: "ನಿಮ್ಮ ಬಲಗಾಲಿನ ಚಪ್ಪಲಿ ಎಲ್ಲಿ?"

"ಕಾಲಲ್ಲೇ ಇದೆಯಲ್ಲ," ಎಂದು ದರ್ಜಿ ಕೆಳಗೆ ನೋಡಿದ. ಇರಲಿಲ್ಲ. ಅದು ಬಸ್ಸಿನಲ್ಲೇ ಮುಂದಿನ ಊರಿಗೆ ಪ್ರಯಾಣ ಬೆಳೆಸಿತ್ತು.

ಕಟಕಟೆಯಲ್ಲಿ ದರ್ಜಿ ಊರುಗೋಲಿರುವುದನ್ನೇ ಮರೆತ. ಅಳತೆಪಟ್ಟಿ ಹಿಡಿದು ಪಳಗಿದ ಕೈ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿತ್ತು. ಆಸ್ಪತ್ರೆಯ ವಕೀಲರು ಅದನ್ನೇ ಹಿಡಿದುಕೊಂಡರು.

"ನೋಡಿ ಸ್ವಾಮಿ, ಊರುಗೋಲನ್ನೇ ಹೊತ್ತು ನಿಂತಿದ್ದಾರೆ. ಬಾಗಿ ಬಂದವರನ್ನ ನೆಟ್ಟಗೆ ಮಾಡಿ ಕಳಿಸಿದ್ದಕ್ಕೆ ನಮಗೆ ಸಿಕ್ಕ ಬಹುಮಾನ ಈ ದಾವೆ."

ಭಾವಮೈದುನ ತಲೆ ತಗ್ಗಿಸಿದ. ವಕೀಲಮ್ಮ ಸಾಕ್ಷಿಗಳನ್ನು ಕರೆದರು. ಬೇಕರಿಯವನು ತೊಟ್ಟ ಅಂಗಿಯ ಜೇಬಿಗೆ ಕೈ ಹಾಕಲು ಹೋಗಿ ಎದೆಯನ್ನೇ ತಡಕಾಡಿದ. ಕಂಡಕ್ಟರಮ್ಮ ಸೀರೆಯ ಮೇಲೆ ಸಮವಸ್ತ್ರದ ಮೇಲಂಗಿ ತೊಟ್ಟು, ಪ್ರಮಾಣ ಮಾಡಲು ಕೈ ಎತ್ತಲಾರದೆ ಮೊಣಕೈಯನ್ನು ಕೋಳಿರೆಕ್ಕೆಯಂತೆ ಅಲ್ಲಾಡಿಸಿದಳು. ನ್ಯಾಯಾಧೀಶರು ಮುಖ ಮುಚ್ಚಿಕೊಳ್ಳಲು ಕಾಗದವೊಂದನ್ನು ಎತ್ತಿಕೊಂಡರು.

"ಇದಕ್ಕೂ ಕಾಲಿಗೂ ಸಂಬಂಧವಿಲ್ಲ ಸ್ವಾಮಿ," ಎಂದರು ಆಸ್ಪತ್ರೆಯ ವಕೀಲರು. "ಈ ಮನುಷ್ಯನಿಗೆ ಮೊದಲಿಂದಲೂ ಹೊಲಿಯೋಕೆ ಬರಲ್ಲ. ಅಷ್ಟೇ."

ದರ್ಜಿ ಕಟಕಟೆಯ ಕಂಬಿಯನ್ನು ಬಿಗಿಯಾಗಿ ಹಿಡಿದ. ಆಗ ಮೇಷ್ಟರು ಎದ್ದರು. ಪ್ಯಾಂಟನ್ನು ಮೇಜಿನ ಮೇಲಿಟ್ಟು, ತೊಟ್ಟಿದ್ದ ಹಳೆಯ ಕೋಟನ್ನು ಬಿಚ್ಚತೊಡಗಿದರು.

"ಇದು ಇವನು ಆಪರೇಷನ್‌ಗೆ ಮುಂಚೆ ಹೊಲಿದಿದ್ದು ಸ್ವಾಮಿ. ಇಷ್ಟು ಹೊತ್ತೂ ನನ್ನ ನೋಡಿದಿರಲ್ಲ, ನನಗೆ ಗೂನುಬೆನ್ನು ಅಂತ ನಿಮಗೆ ಅನ್ನಿಸಿತಾ?"

ಕೋಟು ಕಳಚಿತು. ಬೆನ್ನಿನ ಮೇಲೆ ಮಡಕೆ ಬೋರಲು ಹಾಕಿದಷ್ಟು ಗೂನು. ಅವರ ಪಕ್ಕದ ಮನೆಯ ಬೇಕರಿಯವನೇ ಬೆರಗಾದ: "ಮೇಷ್ಟ್ರೇ, ಇದು ಯಾವಾಗಿಂದ?"

"ಹುಟ್ಟಿದಾಗಿಂದ ಕಣೋ. ಈ ಕೈ ಅದನ್ನ ಮುಚ್ಚಿಟ್ಟಿತ್ತು."

ನ್ಯಾಯಾಧೀಶರು ಕೋಟನ್ನೂ ಪ್ಯಾಂಟನ್ನೂ ಅಕ್ಕಪಕ್ಕ ಇಡಿಸಿ ಹೊಲಿಗೆಯ ಗೆರೆಯ ಮೇಲೆ ಬೆರಳಾಡಿಸಿದರು. ಒಂದು ಗೆರೆ ಇರುವೆಸಾಲು. ಇನ್ನೊಂದು ಅಟ್ಟಿಸಿಕೊಂಡು ಓಡಿದ ಆಡಿನ ಹೆಜ್ಜೆ. ಅವರಿಗೆ ಮತ್ತೇನೂ ಬೇಕಾಗಲಿಲ್ಲ. ಕೇಳಿದಷ್ಟೂ ಪರಿಹಾರವನ್ನು ಆಸ್ಪತ್ರೆ ಕೊಡಬೇಕೆಂದು ಅಂದೇ ತೀರ್ಪಾಯಿತು.

ದರ್ಜಿಗೆ ನಿಂತಲ್ಲೇ ಮೋಟಾರು ಯಂತ್ರದ ಗುಂಯ್‌ಗುಡುವಿಕೆ ಕೇಳಿಸಿತು. ಆದರೆ ಆಸ್ಪತ್ರೆಯ ವಕೀಲರು ಎದ್ದು ತಣ್ಣಗೆ, "ಮೇಲ್ಮನವಿ ಹಾಕ್ತೀವಿ ಸ್ವಾಮಿ," ಎಂದರು. ಒಡನೆಯೇ ಗುಮಾಸ್ತ ಬಂದು ಬಟ್ಟೆಗಳನ್ನೆಲ್ಲ ಗೋಣಿಗೆ ತುಂಬತೊಡಗಿದ.

"ಅಯ್ಯಾ, ಅದು ನನ್ನ ಕೆಲಸದ ಬಟ್ಟೆ," ಎಂದಳು ಆಗಲೇ ಮೇಲಂಗಿ ಬಿಚ್ಚಿಟ್ಟಿದ್ದ ಕಂಡಕ್ಟರಮ್ಮ.

"ಈಗ ಅದು ಸಾಕ್ಷ್ಯ. ಮೇಲಿನ ಕೋರ್ಟಿನವರು ನೋಡಬೇಕು. ಅಲ್ಲಿ ತೀರ್ಮಾನ ಆಗೋವರೆಗೆ ಹಣವೂ ಬರಲ್ಲ, ಬಟ್ಟೆಯೂ ಬರಲ್ಲ." ಗುಮಾಸ್ತ ಬೇಕರಿಯವನ ಕಡೆ ತಿರುಗಿದ. "ಅಂಗಿ ಬಿಚ್ಚಿ."

ಗೆದ್ದವರ ಮೆರವಣಿಗೆ ನ್ಯಾಯಾಲಯದಿಂದ ಹೊರಬಿತ್ತು: ಮುಂದೆ ಬನಿಯನ್ನಿನಲ್ಲಿ ಬೇಕರಿಯವನು, ನಡುವೆ ಗೂನು ಬಿಟ್ಟುಕೊಂಡ ಮೇಷ್ಟರು, ಹಿಂದೆ ಒಂಟಿ ಚಪ್ಪಲಿಯ ದರ್ಜಿ.

"ಗೆದ್ದೆಯಲ್ಲ, ತುಂಬ ಸಂತೋಷ," ಎಂದ ಬೇಕರಿಯವನು. "ಈಗ ನನ್ನ ಅಂಗಿಯ ಗತಿ?"

"ನಾಳೆ ಡ್ಯೂಟಿ ಇದೆ ನನಗೆ," ಎಂದಳು ಕಂಡಕ್ಟರಮ್ಮ.

ಮೇಷ್ಟರು ಗೋಡೆಗೆ ಬೆನ್ನು ಕೊಟ್ಟು ಅಡ್ಡಡ್ಡ ನಡೆಯತೊಡಗಿದರು. ದರ್ಜಿಗೆ ಅದೇ ಎಲ್ಲಕ್ಕಿಂತ ಕಷ್ಟವಾಯಿತು.

ದೀಪ ಹಚ್ಚುವ ಹೊತ್ತಿಗೆ ದರ್ಜಿಯ ಮೇಜಿನ ಮೇಲೆ ಎಲ್ಲರಿಗೂ ಮತ್ತೆ ಹೊಲಿದುಕೊಡಲು ಹೊಸ ಬಟ್ಟೆಯ ರಾಶಿ. ಎದುರಿಗೆ ಅದೇ ಹಳೆಯ ಯಂತ್ರ, ಕೆಳಗೆ ಅದೇ ಪೆಡಲು. ಕೋಟಿನ ಬಟ್ಟೆಗೆ ಕತ್ತರಿ ಹಾಕಿಯಾಯಿತು. ಆದರೆ ಯಂತ್ರದ ಮುಂದೆ ಕೂತವನಿಗೆ ಪೆಡಲಿನ ಮೇಲೆ ಕಾಲಿಡುವ ಧೈರ್ಯ ಬರಲಿಲ್ಲ.

"ಏ, ಇಲ್ಲಿ ಬಾ," ಎಂದಳು ಹೆಂಡತಿ ತಮ್ಮನಿಗೆ. "ಬೀದಿಯಲ್ಲೆಲ್ಲ ಡಂಗುರ ಸಾರಿ ಸಾಕ್ಷಿ ಕರೆಸಿದ್ದು ನೀನು ತಾನೆ? ಪಕ್ಕದಲ್ಲಿ ಕೂತು ತುಳಿ. ಅವರು 'ಹೂಂ' ಅಂದಾಗ ಓಡಿಸು, 'ಸಾಕು' ಅಂದಾಗ ನಿಲ್ಲಿಸು."

ಗಿಡ್ಡ ಮಣೆಯ ಮೇಲೆ ಮುದುಡಿ ಕೂತು ಭಾವಮೈದುನ ತುಳಿದ. "ಹೂಂ," ಎಂದ ದರ್ಜಿ. ಸೂಜಿ ಓಡಿತು. "ಸಾಕು." ಸೂಜಿ ನಿಂತಿತು, ಸೀಮೆಸುಣ್ಣದ ಗುರುತಿನ ಮೇಲೇ. ದರ್ಜಿ ಬಟ್ಟೆಯನ್ನು ದೀಪಕ್ಕೆ ಹಿಡಿದ. ಇರುವೆಸಾಲು. ಬಾಗಿಲಲ್ಲಿ ಕಾದಿದ್ದ ಮೇಷ್ಟರು ಕನ್ನಡಕ ಒರೆಸಿಕೊಂಡರು.

ಕೋಟಿನ ಬೆನ್ನು ಮುಗಿದು ತೋಳಿಗೆ ಬರುವಷ್ಟರಲ್ಲಿ ಯಂತ್ರ ತಾನಾಗಿ ನಿಂತಿತು.

"ಯಾಕೋ, 'ಸಾಕು' ಅಂದಿಲ್ವಲ್ಲ ನಾನು?"

ಭಾವಮೈದುನ ಏಳಲು ಹೋಗಿ ಅರ್ಧಕ್ಕೇ ಉಳಿದಿದ್ದ, ಕುಡುಗೋಲಿನ ಹಾಗೆ.

"ಭಾವ," ಎಂದ ಸೊಂಟ ಹಿಡಿದುಕೊಂಡು, "ಆ ಆಸ್ಪತ್ರೆ ಎಲ್ಲಿದೆ ಅಂದ್ರಿ?"