ನಮ್ಮ ಗುಡ್ಡದಪ್ಪ ಯಾವ ಗ್ರಹದವನು?

ಜ್ಞಾನವೆಂಬುದು ಮಧ್ಯಾಹ್ನದ ಮುದ್ದೆಯ ನಂತರ ಬರಬಾರದು. ಬಂದರೂ ಯಾರಿಗೂ ಹೇಳದೆ ಒಂದು ನಿದ್ದೆ ತೆಗೆಯಬೇಕು. ನನಗೆ ಆ ವಿವೇಕವಿರಲಿಲ್ಲ. ಅಂದು ಮೊಬೈಲಿನಲ್ಲಿ ಒಬ್ಬ ಬಿಳಿಯ ಮಹಾಶಯ, ಈಜಿಪ್ಟಿನ ಪಿರಮಿಡ್ಡು, ಮೆಕ್ಸಿಕೋದ ಗುಡಿ, ನಮ್ಮ ಕಡೆಯ ಕಲ್ಲುದೇಗುಲ ಎಲ್ಲವನ್ನೂ ಕಟ್ಟಿದವರು ಅನ್ಯಗ್ರಹವಾಸಿಗಳೆಂದೂ, ನಾವು ದೇವರೆಂದು ಕೈಮುಗಿಯುತ್ತಿರುವುದು ಅವರಿಗೇ ಎಂದೂ ಸಾರುತ್ತಿದ್ದ. ನನ್ನ ಮೈ ಜುಮ್ಮೆಂದಿತು. ಕೂಟಗಲ್ ಪಕ್ಕದ ನಮ್ಮ ಹಳ್ಳಿಯ ಗುಡ್ಡದಪ್ಪನ ಗುಡಿಗೆ ಸೂರು ಒಂದೇ ಚಪ್ಪಡಿ, ಟ್ರಾಕ್ಟರ್ ಟ್ರೈಲರಿನಷ್ಟು ಅಗಲ. ಒಳಗಿನ ಅಪ್ಪನ ಮೂರ್ತಿಗೋ ದುಂಡು ತಲೆ, ಬಟ್ಟಲುಗಣ್ಣು, ಕಿವಿಯೇ ಇಲ್ಲ. ಇನ್ನೇನು ಸಾಕ್ಷಿ ಬೇಕು? ಚಪ್ಪಲಿ ಮೆಟ್ಟಿಕೊಂಡು ಅರಳಿಕಟ್ಟೆಗೆ ಓಡಿ, "ಗುಡ್ಡದಪ್ಪ ಈ ಭೂಮಿಯವನಲ್ಲ" ಎಂದು ಲೋಕಕ್ಕೆ ಘೋಷಿಸಿಬಿಟ್ಟೆ.

ಘೋಷಣೆಗೆ ಗಳಿಗೆ ಒಳ್ಳೆಯದಿರಲಿಲ್ಲ. ಗುಡ್ಡದಪ್ಪನಿಗೆ ಸಾತನೂರಿನ ಕಡೆ ಒಬ್ಬಳು ತಂಗಿ ದೇವತೆ ಇದ್ದಾಳೆ. ವರ್ಷಕ್ಕೊಮ್ಮೆ ಅಣ್ಣನ ಊರಿನಿಂದ ಅವಳಿಗೆ ಸೀರೆ, ಬಳೆ, ಮಡಿಲಕ್ಕಿ ಹೋಗಬೇಕು. ಅವನ್ನಿಟ್ಟ ಬುಟ್ಟಿ ಹೊರುವ ಗೌರವ ವರ್ಷಕ್ಕೊಂದು ಮನೆಯದು. ಈ ಸಲ ನಮ್ಮದು. ನನ್ನಾಕೆ ಇದಕ್ಕಾಗಿ ಮದುವೆಯಾದಂದಿನಿಂದ ಕಾದಿದ್ದಳು. ದೇವಿಗೊಂದು, ತನಗೊಂದು ರೇಷ್ಮೆ ಸೀರೆಯನ್ನೂ ತಂದಿಟ್ಟಿದ್ದಳು.

ಸಂಜೆಗೆ ಊರಿನ ಯಜಮಾನ, ಎಲ್ಲರಿಗೂ ದೊಡ್ಡಪ್ಪ, ನಮ್ಮ ಜಗುಲಿಯ ಮೇಲೆ ಬಂದು ಕೂತ.

"ಏನ್ಲಾ, ಅಪ್ಪ ಎಲ್ಲಿಂದ್ಲೋ ಬಂದ್ಬುಟ್ಟೋನು ಅಂದ್ಯಂತೆ. ಹಂಗಾರೆ ಸಾತನೂರಮ್ಮ?"

"ಅವಳೂ ಅಲ್ಲಿಂದಲೇ ಇರಬಹುದು, ದೊಡ್ಡಪ್ಪ."

"ಒಂದೇ ಗಾಡೀಲಿ ಬಂದೋಳು ಇಲ್ಲೀಗಂಟ ಬರದೆ ಸಾತನೂರಲ್ಲಿ ಯಾಕ್ಲಾ ಇಳ್ಕೊಂಡ್ಲು?"

ಬಿಳಿಯ ಮಹಾಶಯ ಈ ವಿಷಯ ಮುಟ್ಟಿರಲಿಲ್ಲ.

"ಅಪ್ಪ ಹೊರಗ್ನೋನು ಅಂತೀಯ. ಹೊರಗ್ನೋನ್ ತಂಗಿಗೆ ನೀನ್ಯಾಕೆ ಸೀರೆ ಹೊರ್ತೀಯ? ಪಕ್ಕದ ಮನೆಯೋರು ಹೊರ್ತಾರೆ ಬುಡು."

ಒಳಗೆ ಪಾತ್ರೆಯ ಸದ್ದು ನಿಂತಿತು. ನನ್ನಾಕೆ ಹೊರಗೆ ಬಂದಳು.

"ಆ ಬಿಳಿಯಪ್ಪನ ಊರಲ್ಲೂ ದೊಡ್ಡ ದೊಡ್ಡ ಕಲ್ಲಿನ ಚರ್ಚ್ ಅವೆ. ಅವನ್ನ ಯಾರ್ ಕಟ್ಟಿದ್ರಂತೆ?"

"ಅವರ ತಾತಂದಿರು."

"ನಮ್ ಚಪ್ಪಡಿ?"

"ಅನ್ಯಗ್ರಹದವರು."

"ಆಗ ನಮ್ ತಾತಂದಿರು ಏನ್ ಮಾಡ್ತಿದ್ರು, ಕುರಿ ಮೇಯಿಸ್ತಾ ನೋಡ್ತಾ ನಿಂತಿದ್ರಾ? ಹಿತ್ಲಲ್ಲಿ ಒಗಿಯೋ ಕಲ್ಲು ಒಸಿ ಸರಿಸಿ ಅಂದಿದ್ಕೆ ಸೊಂಟ ಹಿಡ್ಕೊಂಡು ಮಲಗುದ್ರಿ. ನಿಮ್ ಕೈಲಾಗ್ನಿಲ್ಲ ಅಂತ ನಿಮ್ ತಾತುನ್ ಕೈಲೂ ಆಗಿರಾಕಿಲ್ಲ ಅಂತ ನಂಬ್ಕೊಂಡ್ರಾ?"

ದೊಡ್ಡಪ್ಪ ವೀಳ್ಯದೆಲೆ ಕೆಳಗಿಟ್ಟು ನಕ್ಕ. ಲೋಕದ ದೊಡ್ಡದೊಂದು ಸಿದ್ಧಾಂತ ನಮ್ಮ ಹಿತ್ತಿಲ ಒಗೆಯುವ ಕಲ್ಲಿಗೆ ಬಡಿದು ಪುಡಿಯಾಯಿತು. ತೀರ್ಪೂ ಅಲ್ಲೇ ಆಯಿತು: ತಪ್ಪುಕಾಣಿಕೆ ಇಟ್ಟು, ಊರೆದುರು ಅಪ್ಪನಿಗೆ ಅವನ ವಿಳಾಸ ಒಪ್ಪಿಸಬೇಕು. ಮರುದಿನ ಚಪ್ಪಡಿಯ ಕೆಳಗೆ ಕೈಮುಗಿದು ನಿಂತು, "ಅಪ್ಪಾ, ನೀನು ಕೂಟಗಲ್ ಹೋಬಳಿಯವನೇ" ಎಂದೆ. ಬಟ್ಟಲುಗಣ್ಣು ಬಿಟ್ಟುಕೊಂಡು ಕೇಳಿಸಿಕೊಂಡ. ಕಿವಿಯಿಲ್ಲದಿದ್ದರೂ ಕೇಳಿಸಿದಂತೆ ಕಂಡಿತು.

ಬುಟ್ಟಿ ನಮಗೇ ಉಳಿಯಿತು. ಸರ್ಕಾರಿ ಬಸ್ಸಿನಲ್ಲಿ ಸಾತನೂರು ಮುಟ್ಟಿ, ಅದನ್ನು ತಲೆಯ ಮೇಲೆ ಹೊತ್ತು, ತಂಗಿಯ ಗುಡಿಯ ಮುಂದೆ ಗಂಭೀರವಾಗಿ ಫೋಟೋ ತೆಗೆಸಿಕೊಂಡೆ. ಅದೀಗ ನಡುಮನೆಯಲ್ಲಿದೆ. ಬುಟ್ಟಿ ಕಾಣುತ್ತದೆ, ಅದರ ಕೆಳಗೆ ನಾನು ಕಾಣುತ್ತೇನೆ. ಹಿಂದಿನಿಂದ ಬುಟ್ಟಿಯನ್ನು ಎತ್ತಿ ಹಿಡಿದಿದ್ದ ನನ್ನಾಕೆಯ ಕೈ ಮಾತ್ರ ಕಾಣುವುದಿಲ್ಲ. ಮುಂದೆಂದೋ ಒಬ್ಬ ವಿದ್ವಾಂಸ ಇದನ್ನು ನೋಡಿ, ಈ ಆಳು ಈ ಬುಟ್ಟಿ ಹೊತ್ತಿರುವುದು ಅಸಾಧ್ಯ, ಅನ್ಯಗ್ರಹದ ನೆರವು ಇದ್ದೇ ಇರಬೇಕು ಎಂದರೆ, ಆತನ ಮಾತಿನ ಮೊದಲರ್ಧವನ್ನು ಅಲ್ಲಗಳೆಯಲು ನನ್ನಲ್ಲಿ ಪುರಾವೆಯಿಲ್ಲ.