ಸರಾಸರಿ ಎತ್ತರದ ಕಂಬಿ

ಮಾನ್ಯ ರಾಷ್ಟ್ರೀಯ ಅಭಿವೃದ್ಧಿ ಯೋಜನಾ ಸಚಿವಾಲಯದವರೇ,

ತಮ್ಮ ಎರಡನೇ ಮಹಡಿಯ ಸಮನ್ವಯ ವಿಭಾಗದಲ್ಲಿ, ಮೆಟ್ಟಿಲಿಗೆ ಹತ್ತಿರದ ಮೇಜಿನ ಹಿಂದೆ, ತಲೆಗೂದಲು ಕಪ್ಪಗಿದ್ದ ಕಾಲದಿಂದ ಕುಳಿತಿರುವ ಸಹಾಯಕ ನಿರ್ದೇಶಕನ ವಿನಯಪೂರ್ವಕ ನಮಸ್ಕಾರಗಳನ್ನು ಸ್ವೀಕರಿಸಬೇಕು. ಈ ಪತ್ರವನ್ನು ಸಚಿವರಿಗೋ ಕಾರ್ಯದರ್ಶಿಗಳಿಗೋ ಬರೆಯದೆ, ಕಟ್ಟಡ, ಕಡತ, ಕುರ್ಚಿಗಳೆಲ್ಲ ಸೇರಿದ ತಮಗೇ ನೇರವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಅವರೆಲ್ಲ ಬಂದು ಹೋಗುವವರು. ನಾನು ಸೇರಿದಂದಿನಿಂದ ಅಲ್ಲಾಡದೆ ಇರುವವರು ತಾವು ಮತ್ತು ನಾನು ಇಬ್ಬರೇ.

ದಿನವೂ ಕಚೇರಿಗೆ ತಡವಾಗಿ ಬರುತ್ತಿರುವುದೇಕೆಂದು ವಿವರಣೆ ಕೇಳಿ ತಾವು ನನಗೆ ನೋಟಿಸು ಕೊಟ್ಟಿದ್ದೀರಿ. ಉತ್ತರ ಬರೆಯಲು ಅದರ ಕೆಳಗೆ ಎರಡು ಸಾಲಿನಷ್ಟು ಜಾಗವನ್ನೂ ಉದಾರವಾಗಿ ಬಿಟ್ಟಿದ್ದೀರಿ. ಎರಡು ಸಾಲಿನಲ್ಲಿ ಮುಗಿಸುವ ವಿದ್ಯೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ತಾವು ನನಗೆ ಕಲಿಸಿದ್ದೀರಾದ್ದರಿಂದ, ಮತ್ತು ಪಾರದರ್ಶಕವಾಗಿರಿ ಎಂಬ ಫಲಕವನ್ನು ನನ್ನ ತಲೆಯ ಮೇಲೆಯೇ ತೂಗುಹಾಕಿರುವುದರಿಂದ, ವಿವರಣೆಯನ್ನು ಎಲ್ಲರೂ ಓದುವಂತೆ ಬಹಿರಂಗವಾಗಿಯೇ ಸಲ್ಲಿಸುತ್ತಿದ್ದೇನೆ.

ಮೊದಲು ತಮ್ಮ ಗುಣಗಾನ ಮಾಡದಿದ್ದರೆ ಉಂಡ ಮನೆಗೆ ಎರಡು ಬಗೆದಂತಾದೀತು. ನೆಂಟರಿಷ್ಟರು ಸೇರಿದಲ್ಲಿ ಯಾರಾದರೂ ನಿಮ್ಮ ಸಚಿವಾಲಯದ ಕೆಲಸವೇನು ಎಂದು ಕೇಳಿದರೆ ನಾನು ಎದೆಯುಬ್ಬಿಸಿ ಹೇಳುತ್ತಿದ್ದೆ: ರಸ್ತೆಯವರು ರಸ್ತೆ ಮಾಡುತ್ತಾರೆ, ನೀರಿನವರು ಕೊಳವೆ ಹಾಕುತ್ತಾರೆ, ಶಾಲೆಯವರು ಶಾಲೆ ಕಟ್ಟುತ್ತಾರೆ; ನಾವು ಏನನ್ನೂ ಕಟ್ಟುವುದಿಲ್ಲ, ಆದರೆ ಯಾರು ಏನನ್ನು ಯಾವುದಾದ ಮೇಲೆ ಕಟ್ಟಬೇಕು, ಯಾರ ಪಾಲಿಗೆ ಎಷ್ಟು ಹೋಗಬೇಕು, ಇಂದು ಹಾಕಿದ ರಸ್ತೆಯನ್ನು ನಾಳೆ ನೀರಿನವರು ಅಗೆಯದಂತೆ ಹೇಗೆ ತಡೆಯಬೇಕು ಎಂಬುದನ್ನೆಲ್ಲ ನಾವು ನೋಡುತ್ತೇವೆ. ಅದಕ್ಕೆಂದೇ ಮೇಲಿನ ಮಹಡಿಯಲ್ಲಿ ದೂರದೃಷ್ಟಿ ವಿಭಾಗವಿದೆ; ಇಪ್ಪತ್ತು ವರ್ಷದಾಚೆಗೆ ಕಣ್ಣು ನೆಟ್ಟವರಾದ್ದರಿಂದ ಅವರಿಗೆ ಎದುರಿಗೆ ಬಂದವರ ಗುರುತು ಹತ್ತುವುದಿಲ್ಲ. ನಮ್ಮ ಪಕ್ಕದಲ್ಲೇ ಹಂಚಿಕೆ ವಿಭಾಗ. ಕೊಡದಿರುವುದಕ್ಕೆ ಕಾರಣ ಬರೆಯುವುದರಲ್ಲಿ ಪಳಗಿದ ಕೈ ಅವರದು. ನೆಲಮಹಡಿಯಲ್ಲಿ ಮೌಲ್ಯಮಾಪನ ವಿಭಾಗ. ಎಲ್ಲ ಮುಗಿದ ಮೇಲೆ ಬಂದು ಹೀಗಾಗಬಾರದಿತ್ತು ಎನ್ನುವವರು. ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ, ಯಾರಿಗೂ ಬೇಸರವಾಗದ ಭಾಷೆಯಲ್ಲಿ ತಲುಪಿಸುವವರು ಸಮನ್ವಯದವರಾದ ನಾವು. ಇಷ್ಟು ದೊಡ್ಡ ಕಟ್ಟಡದಲ್ಲಿ ಒಂದು ಸುತ್ತಿಗೆಯಿಲ್ಲ. ಗೋಡೆ ಗಡಿಯಾರ ಕೆಳಗೆ ಬಿದ್ದು ವರ್ಷವಾಯಿತು. ಮೊಳೆ ಹೊಡೆಯುವುದು ಕಟ್ಟಡ ಇಲಾಖೆಯ ವ್ಯಾಪ್ತಿಗೆ ಬರುವುದರಿಂದ ಅದನ್ನು ಕಪಾಟಿನ ಮೇಲೆ ಮಲಗಿಸಿ ಕತ್ತು ಓರೆ ಮಾಡಿಕೊಂಡು ಸಮಯ ನೋಡುತ್ತಿದ್ದೇವೆ. ನಾನು ತಡವಾಗಿ ಬರುವುದು ತಮಗೆ ಗೊತ್ತಾದದ್ದೂ ಆ ಮಲಗಿದ ಗಡಿಯಾರದಿಂದಲೇ.

ನನ್ನ ಈ ವರ್ಣನೆಯನ್ನು ಒಮ್ಮೆ ಪೂರ್ತಿ ಕೇಳಿಸಿಕೊಂಡ ನನ್ನಾಕೆ, "ಅಂದ್ರೆ ಎಲ್ಲರೂ ಬೀರು ಹೊರುವಾಗ ಬಾಗಿಲಲ್ಲಿ ನಿಂತು ಹುಷಾರು, ಹುಷಾರು ಅನ್ನೋರು" ಎಂದು ಸಂಕ್ಷೇಪಿಸಿದಳು. ಅವಳು ರಕ್ತ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ನೋವು ಗೊತ್ತಾಗುವ ಮೊದಲೇ ಸೂಜಿ ಚುಚ್ಚಿ ತೆಗೆಯುವುದು ಅವಳ ಉದ್ಯೋಗ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮೊಂದಿಗಿರುವ ನನ್ನ ತಾಯಿ ಕೆಲವು ತಿಂಗಳ ಹಿಂದೆ ಬಚ್ಚಲುಮನೆಯಲ್ಲಿ ಜಾರಿದರು. ಹಿಡಿದುಕೊಳ್ಳಲು ಸಿಕ್ಕಿದ್ದು ಬಕೆಟ್ಟು ಮಾತ್ರ, ಅದೂ ಅವರ ಜೊತೆಗೇ ಬಂತು. ಪುಣ್ಯಕ್ಕೆ ಮಣಿಕಟ್ಟು ಊದಿಕೊಂಡದ್ದಷ್ಟೇ. ಆದರೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಈ ವಯಸ್ಸಿನಲ್ಲಿ ಇನ್ನೊಂದು ಸಲ ಬಿದ್ದು ಸೊಂಟದ ಮೂಳೆ ಹೋದರೆ ಮತ್ತೆ ಎದ್ದು ಓಡಾಡುತ್ತಾರೆಂದು ಹೇಳಲಾರೆ ಎಂದರು. ಮನೆಗೆ ಬಂದ ಕೂಡಲೇ ನನ್ನಾಕೆ, "ನಾಳೆ ಗಾರೆಯವನನ್ನು ಕರೆಸಿ ಗೋಡೆಗೊಂದು ಕಂಬಿ ಹಾಕಿಸಿಬಿಡೋಣ" ಎಂದಳು. ಅಮ್ಮ ಅಷ್ಟಕ್ಕೇ ಬಿಡದೆ ಬಚ್ಚಲುಮನೆಗೆ ಹೋಗಿ, ಒದ್ದೆ ಅಂಗೈಯನ್ನು ಗೋಡೆಗೊತ್ತಿ, "ಇಲ್ಲಿ ಹಾಕ್ಸಪ್ಪ" ಎಂದರು.

ತಮ್ಮ ಬಳಿ ತರಬೇತಿ ಪಡೆಯದ ಯಾವ ಮಗನಾದರೂ ಮರುದಿನವೇ ಅಲ್ಲಿ ಕಂಬಿ ಹಾಕಿಸುತ್ತಿದ್ದ. ನಾನು ಅಮ್ಮನಿಗೆ, ಇದು ಅಮೂಲ್ಯ ಸಲಹೆ, ಪರಿಗಣಿಸಲಾಗುವುದು ಎಂದೆ.

ಊಟದ ಮೇಜಿನ ಸುತ್ತ ಸಭೆ ಕರೆದೆ. ಹಂಚಿಕೆಯನ್ನು ನನ್ನಾಕೆಗೂ, ತಾಂತ್ರಿಕ ವಿಷಯವನ್ನು ಕಾಲೇಜಿಗೆ ಹೋಗುವ ಮಗನಿಗೂ ವಹಿಸಿ, ಅಮ್ಮನನ್ನು ಫಲಾನುಭವಿ ಎಂದು ಗುರುತಿಸಿ, ಸಮನ್ವಯವನ್ನು ನಾನೇ ಇಟ್ಟುಕೊಂಡೆ. ಕಂಬಿ ಮೊದಲೋ ನೆಲದ ಟೈಲ್ಸ್ ಮೊದಲೋ, ಟೈಲ್ಸ್ ಮೊದಲಾದರೆ ನೀರಿನ ಕೊಳವೆ ಅದಕ್ಕೂ ಮೊದಲೋ, ಕೊಳವೆಗೆ ಗೋಡೆ ಒಡೆಯುವುದಾದರೆ ಕಂಬಿ ಯಾವ ಗೋಡೆಗೆ ಎಂದು ವಾರಗಟ್ಟಲೆ ಅಳೆದೂ ಸುರಿದೂ ಚರ್ಚಿಸಿದೆವು. ಅಷ್ಟು ದಿನವೂ ಅಮ್ಮ ನಲ್ಲಿಯನ್ನು ಹಿಡಿದುಕೊಂಡು ಸ್ನಾನ ಮಾಡಿದರು. ನಲ್ಲಿ ಸಡಿಲವಾಗಿ ತೊಟ್ಟಿಕ್ಕತೊಡಗಿತು. ಅದನ್ನು ಪ್ರತ್ಯೇಕ ಕಾರ್ಯಕ್ರಮವಾಗಿ ಮುಂದಿನ ಅವಧಿಗೆ ಸೇರಿಸಿದೆ. ನನ್ನಾಕೆ, "ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ನೀವು ಊರಿಗಾದರೂ ಏನು ಮಾಡಿದ್ದೀರಿ ಅಂತ ಒಂದಿನ ಬಂದು ನೋಡ್ಬೇಕು" ಎಂದದ್ದನ್ನು ನಡಾವಳಿಯಲ್ಲಿ ದಾಖಲಿಸಲಿಲ್ಲ.

ಕೊನೆಗೆ ಉಳಿದದ್ದು ಎತ್ತರದ ಪ್ರಶ್ನೆ. ಬಚ್ಚಲುಮನೆಯನ್ನು ಬಳಸುವವರು ಅಮ್ಮ ಒಬ್ಬರೇ ಅಲ್ಲವಲ್ಲ. ಒಬ್ಬರ ಅನುಕೂಲಕ್ಕೆ ಉಳಿದವರನ್ನು ಕಡೆಗಣಿಸುವುದು ಸಮತೋಲಿತ ಅಭಿವೃದ್ಧಿಯಲ್ಲವೆಂದು ತಾವೇ ಕಲಿಸಿದ ಪಾಠ. ಆದ್ದರಿಂದ ಯಾರಿಗೆ ಯಾವ ಎತ್ತರ ಹಿತವೆಂದು ಒಬ್ಬೊಬ್ಬರನ್ನೇ ಗೋಡೆಯ ಮುಂದೆ ನಿಲ್ಲಿಸಿ ಕೇಳಿದೆ. ಅಮ್ಮ ಮತ್ತೆ ಅದೇ ಜಾಗದಲ್ಲಿ ಅಂಗೈಯೊತ್ತಿದರು. ನನ್ನಾಕೆ ಅತ್ತೆಯ ಕೈಯ ಮೇಲೇ ಕೈಯಿಟ್ಟು ತನ್ನ ಮತವೂ ಅಲ್ಲೇ ಎಂದಳು. ಅದು ಪ್ರಭಾವಕ್ಕೊಳಗಾದ ಉತ್ತರವಾದ್ದರಿಂದ ಅವಳ ಸ್ವಂತ ಹೆಗಲಿನ ಮಟ್ಟವನ್ನು ಬರೆದುಕೊಂಡೆ. ಮನೆಯಲ್ಲೆಲ್ಲ ಎತ್ತರದವನಾದ ಮಗ, ಜೋತುಬಿದ್ದು ಮೈ ಎತ್ತುವ ವ್ಯಾಯಾಮಕ್ಕೂ ಆಗಲಿ ಎಂದು ತನ್ನ ತಲೆಯ ಮೇಲೆ ತೋರಿಸಿದ. ಯುವಜನರ ಬೇಡಿಕೆಯನ್ನು ತಳ್ಳಿಹಾಕುವುದುಂಟೇ? ನನ್ನದನ್ನೂ ಸೇರಿಸಿ, ನಾಲ್ಕನ್ನೂ ಕೂಡಿಸಿ ಸರಾಸರಿ ತೆಗೆದೆ. ಗಾರೆಯವನು ಗುರುತಿನ ಮೇಲೆ ಬೆರಳಿಟ್ಟು, "ಇದು ಯಾರಿಗೆ ಸಾರ್?" ಎಂದ. "ಎಲ್ಲರಿಗೂ" ಎಂದೆ. ಅವನು ನನ್ನ ಮುಖವನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿ, ಗೋಡೆ ಕೊರೆದು, ಕಂಬಿ ಕೂರಿಸಿ ಹೋದ.

ಉದ್ಘಾಟನೆಗೆ ಅಮ್ಮನನ್ನು ಕರೆದೆ. ವಯಸ್ಸಾಗಿ ಬೆನ್ನು ಬಾಗಿದ ಅಮ್ಮನಿಗೆ ಕಂಬಿ ಹಣೆಯ ಮಟ್ಟಕ್ಕೆ ಬಂದಿತ್ತು. ಅವರು ಕೈ ಮೇಲೆತ್ತಿ ಅದನ್ನು ಹಿಡಿದು ನಿಂತು, "ಬಸ್ಸಲ್ಲಿ ನಿಂತ ಹಾಗಿದೆ ಕಣೋ, ನಾನು ಯಾವ ಸ್ಟಾಪಲ್ಲಿ ಇಳೀಬೇಕು?" ಎಂದರು. ಮಗ ಜೋತುಬೀಳಲು ಹೋಗಿ ಮೊಣಕಾಲು ನೆಲಕ್ಕೆ ಬಡಿಸಿಕೊಂಡ. ಮಾನ್ಯರೇ, ಆ ಕಂಬಿ ಮನೆಯಲ್ಲಿ ಒಬ್ಬನಿಗೆ ಮಾತ್ರ ಹೇಳಿ ಮಾಡಿಸಿದಂತಿತ್ತು. ಮರುದಿನ ಬೆಳಿಗ್ಗೆ ಸೋಪಿನ ಮೇಲೆ ಕಾಲಿಟ್ಟು ಜಾರಿದ ನಾನು ಗಬಕ್ಕನೆ ಅದನ್ನು ಹಿಡಿದು ಬಚಾವಾದೆ. ನಾಲ್ಕು ಜನರ ಹಿತವನ್ನು ಕೂಡಿಸಿ ಭಾಗಿಸಿದರೆ ಸಿಕ್ಕವನು ಯೋಜನೆ ಮಾಡಿದವನೇ. ಅಮ್ಮನಿಗೆಂದು ಹಾಕಿಸಿದ ಕಂಬಿಗೆ ಜೋತುಬಿದ್ದು, ಮೈಯೆಲ್ಲ ಸೋಪಿನ ನೊರೆಯಲ್ಲಿ ನಿಂತಿದ್ದಾಗ ನನಗಾದ ನಾಚಿಕೆಯನ್ನು ಯಾವ ವರದಿಯಲ್ಲೂ ಬರೆಯಲಾರೆ.

ಅಂದೇ ಅದನ್ನು ಕೆಳಗಿಳಿಸಬಹುದಿತ್ತಲ್ಲ ಎಂದು ತಾವು ಕೇಳುವುದಿಲ್ಲವೆಂದು ಬಲ್ಲೆ. ಯೋಜನೆಯನ್ನು ಮಧ್ಯಂತರ ಪರಿಶೀಲನೆಗೆ ಮೊದಲೇ ತಿದ್ದಿದರೆ ಯೋಜಕನ ಮಾನವೇನಾದೀತು? ಅಲ್ಲಿಯವರೆಗೆ ತಾತ್ಕಾಲಿಕ ವ್ಯವಸ್ಥೆಯಾಗಿ ನಾನೇ ನಿಂತೆ. ದಿನಾ ಬೆಳಿಗ್ಗೆ ಅಮ್ಮ ಸ್ನಾನ ಮುಗಿಸಿ ಸೀರೆ ಸುತ್ತಿಕೊಂಡು ಕರೆಯುವವರೆಗೆ ಬಾಗಿಲ ಹೊರಗೆ ಕಾದಿದ್ದು, ಒಳಗೆ ತೋಳು ಚಾಚಿ, ಅವರ ಎತ್ತರಕ್ಕೆ ಬಗ್ಗಿ ನಿಲ್ಲುತ್ತಿದ್ದೆ. ಅವರು ನನ್ನ ಮುಂಗೈ ಹಿಡಿದು ಒಂದೊಂದೇ ಹೆಜ್ಜೆಯಿಟ್ಟು ಹೊರಗೆ ಬರುತ್ತಿದ್ದರು. ಬರುವ ದಾರಿ ನಾಲ್ಕು ಹೆಜ್ಜೆಯದಾದರೂ ನಡುವೆ ನಿಂತು ಮಾತಾಡುತ್ತಿದ್ದರು: ನಾನು ನಡೆಯಲು ಕಲಿಯುವಾಗ ಅವರ ಕಿರುಬೆರಳನ್ನಷ್ಟೇ ಹಿಡಿಯುತ್ತಿದ್ದೆನಂತೆ, ಬೇರೆ ಬೆರಳು ಕೊಟ್ಟರೆ ಕೂತುಬಿಡುತ್ತಿದ್ದೆನಂತೆ. "ಆಗ್ಲೇ ನಿಂಗೆ ಹಟ" ಎನ್ನುತ್ತಿದ್ದರು. ಇದೇ ನನ್ನ ತಡಕ್ಕೆ ಕಾರಣ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಇಷ್ಟು ವರ್ಷದ ಸೇವೆಯಲ್ಲಿ ಒಬ್ಬರಿಗೆ ನೇರವಾಗಿ ಉಪಯೋಗಕ್ಕೆ ಬಂದ ಕೆಲಸವೆಂದರೆ ನಾನು ಮಾಡಿದ್ದು ಅದೊಂದೇ, ಮತ್ತು ಅದನ್ನು ಮಾಡುವಾಗ ನನಗೆ ತುಂಬಾ ಸಂತೋಷವಾಗುತ್ತಿತ್ತು.

ತಮ್ಮ ನೋಟಿಸು ಬಂದ ದಿನ ಅದನ್ನು ನನ್ನಾಕೆಗೆ ತೋರಿಸಿದೆ. ಮುಂದಿನ ಶನಿವಾರ, ತಾವು ತ್ವರಿತ ಅನುಷ್ಠಾನ ಕುರಿತು ಕರೆದಿದ್ದ ಸಭೆಯಲ್ಲಿ ನಾನು ಸಂಜೆಯವರೆಗೆ ಕುಳಿತಿದ್ದಾಗ, ಅವಳು ಅದೇ ಗಾರೆಯವನನ್ನು ಕರೆಸಿದಳು. ಅಮ್ಮ ಮೂರನೆಯ ಬಾರಿ ಅಂಗೈಯೊತ್ತಿದರಂತೆ. ಅವನು ಅಲ್ಲಿ ಇನ್ನೊಂದು ಕಂಬಿ ಕೂರಿಸಿ, ನಲ್ಲಿಯನ್ನೂ ಬಿಗಿ ಮಾಡಿ ಬಂದಾಗ ಅವನಿಗೆಂದು ಇಟ್ಟ ಟೀ ಇನ್ನೂ ಬಿಸಿಯಾಗಿತ್ತಂತೆ. ಹಳೆಯದನ್ನು ಕೀಳಲೇ ಎಂದು ಅವನು ಕೇಳಿದ್ದಕ್ಕೆ ಅಮ್ಮನೇ, "ಬೇಡಪ್ಪ, ಇರ್ಲಿ. ನನ್ನ ಮಗ ತುಂಬಾ ಯೋಚನೆ ಮಾಡಿ ಹಾಕ್ಸಿದ್ದು. ಟವೆಲ್ ಒಣಗಾಕೋಕಾಗುತ್ತೆ" ಎಂದರಂತೆ.

ಸೋಮವಾರ ಬೆಳಿಗ್ಗೆ ನಾನು ಅಭ್ಯಾಸಬಲದಿಂದ ಬಾಗಿಲ ಹೊರಗೆ ನಿಂತಿದ್ದೆ. ಒಳಗೆ ನೀರು ನಿಂತಿತು, ಹೊಸ ಕಂಬಿಗೆ ಬಳೆ ತಾಗಿದ ಸದ್ದಾಯಿತು, ಅಮ್ಮ ತಾವೇ ನಡೆದು ಹೊರಗೆ ಬಂದರು. ಚಾಚಿದ ನನ್ನ ತೋಳನ್ನು ನೋಡಿ, "ಇನ್ನೂ ಇಲ್ಲೇ ಇದ್ದೀಯಾ? ಆಫೀಸಿಗೆ ಹೊತ್ತಾಗಲ್ವಾ?" ಎಂದರು. ಆ ತೋಳನ್ನು ಏನು ಮಾಡಬೇಕೆಂದು ತೋಚದೆ, ಹಳೆಯ ಕಂಬಿಯ ಮೇಲಿದ್ದ ಟವೆಲ್ಲನ್ನು ತೆಗೆದುಕೊಟ್ಟೆ.

ಅಂದಿನಿಂದ ಸಮಯಕ್ಕೆ ಸರಿಯಾಗಿ ಬರುತ್ತಿದ್ದೇನೆ. ಬಂದು ಮಾಡಬೇಕಾದ್ದು ಏನೆಂದು ನನ್ನ ಮೇಜಿಗೂ ತಿಳಿಯದು, ನನಗೂ ತಿಳಿಯದು. ಆದ್ದರಿಂದ ಪ್ರಾರ್ಥನೆ: ನೋಟಿಸನ್ನು ಹಿಂಪಡೆಯಬೇಡಿ, ಸೇವಾ ದಾಖಲೆಯಲ್ಲಿ ನಾನು ದುಡಿದ ದಿನಗಳಿಗೆ ಅದೊಂದೇ ಸಾಕ್ಷಿ. ಸಾಧ್ಯವಾದರೆ ನನ್ನನ್ನು ಸಮನ್ವಯದಿಂದ ಬಿಡುಗಡೆ ಮಾಡಿ, ನಮ್ಮ ಮನೆಯ ಬಚ್ಚಲು ಬಾಗಿಲಿಗೆ ಹಿಡಿಕೆಯಾಗಿ, ಅದೇ ಸಂಬಳದ ಮೇಲೆ ಅಥವಾ ಕಡಿಮೆಗೂ, ವರ್ಗಾವಣೆ ಮಾಡಬೇಕು. ಆ ಹುದ್ದೆಯೂ ಈಗ ತುಂಬಿದೆಯೆಂದು ತಾವು ಉತ್ತರಿಸಿದರೆ ನನ್ನಲ್ಲಿ ಮರುಮಾತಿಲ್ಲ.

ಹೊತ್ತಿಗೆ ಸರಿಯಾಗಿ ಬಂದು, ಮಲಗಿದ ಗಡಿಯಾರದ ಪಕ್ಕದಲ್ಲಿ ಕುಳಿತಿರುವ,
ತಮ್ಮ ವಿಶ್ವಾಸಿ

ಮರೆತ ಮಾತು: ತಮ್ಮ ಮುಂಬಾಗಿಲ ಮೆಟ್ಟಿಲುಗಳಿಗೂ ಕಂಬಿಯಿಲ್ಲ. ಅಹವಾಲು ಹಿಡಿದು ಬರುವ ಹಿರಿಯರು ಕಾವಲುಗಾರನ ಭುಜ ಹಿಡಿದು ಹತ್ತುತ್ತಾರೆ. ಈ ಬಗ್ಗೆ ರಚಿಸಿದ ಸಮಿತಿಯ ಸಂಚಾಲಕ ನಾನೇ, ಎಲ್ಲ ವಿಭಾಗಗಳಿಂದ ಎತ್ತರದ ಅಭಿಪ್ರಾಯ ಕೇಳಿ ಪತ್ರ ಬರೆದವನೂ ನಾನೇ. ದಯವಿಟ್ಟು ನನ್ನನ್ನು ಅದರಿಂದ ತೆಗೆದು ನನ್ನಾಕೆಯನ್ನು ಹಾಕಿ. ಅವಳಿಗೆ ಶನಿವಾರ ಬಿಡುವಿದೆ. ತಾವು ಒಂದು ಟೀ ಕೊಟ್ಟರೆ ಸಾಕು, ಅದು ಗಾರೆಯವನಿಗೆ.